ಕಿಡಕಿ ಸೀಟಿನ ಹಾಡು

ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವ ಬಸ್ಸಿನ ದಾರಿಯಲ್ಲಿ ಯಾವ ಊರಿನಲ್ಲಿ ಇಳಿದು ಕೇಳಿದರೂ ನನ್ನ ದನಿ ಗೊತ್ತಿಲ್ಲದವರು ಆಗ ಇರಲಿಲ್ಲ. ಊರ ಕಡೆಯಿಂದ ನನ್ನ ಹಾಡು ತೇಲಿ ಬಂದರೆ ಹೊಲದಲ್ಲಿ ಕಸ ತೆಗೆಯುತ್ತಿದ್ದವರು ಕೈಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಇದನ್ನು ಓದಿ ನನ್ನ ಬಗ್ಗೆ ಹೆಮ್ಮೆಪಡಬೇಡಿ. ಅವರು ನಿಲ್ಲುತ್ತಿದ್ದದ್ದು ಹಾಡು ಕೇಳುವುದಕ್ಕಲ್ಲ, ‘ಯಾರು ಹೋದ್ರು?’ ಎಂದು ಪಕ್ಕದ ಹೊಲದವರನ್ನು ವಿಚಾರಿಸುವುದಕ್ಕೆ. ಬೇರೆ ಹಾಡುಗಾರರು ಹಾಡಿ ಮುಗಿಸಿದರೆ ಜನ ಚಪ್ಪಾಳೆ ತಟ್ಟುತ್ತಾರೆ. ನನ್ನ ಹಾಡು ಮುಗಿದ ಮೇಲೆ ಜನ ಮನೆಗೆ ಹೋಗಿ ಜಳಕ ಮಾಡುತ್ತಿದ್ದರು.

ಇದು ಹೇಗಾಯಿತೆಂದು ಹೇಳುತ್ತೇನೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಇಳಕಲ್ಲಿನಲ್ಲಿ ನಮ್ಮಪ್ಪನದು ಸೀರೆ ಅಂಗಡಿ. ಹಗಲೆಲ್ಲ ನಾನು ಗಾದಿಯ ಮೇಲೆ ಕೂತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸಬೇಕು. ಸಂಜೆಯಾದರೆ ಓಣಿಯ ಮಠದಲ್ಲಿ ಭಜನೆ. ನಮ್ಮ ಮೇಳದ ಹಿರಿಯ ಒಬ್ಬ ನೇಕಾರ ಅಜ್ಜ. ಒಂದು ಮಗ್ಗುಲಿಗೆ ತೊಗಲು ಬಿಗಿದು ಅಂಚಿಗೆ ತಾಳದ ಬಿಲ್ಲೆ ಕೂಡಿಸಿದ ದಮ್ಮಡಿಯನ್ನು ಆತ ಬಾರಿಸುತ್ತಿದ್ದ. ನನಗೆ ಹಾಡು ಕಲಿಸಿದವನೂ ಆತನೇ. ಕಲಿಸಿದ ಎನ್ನುವುದಕ್ಕಿಂತ, ತಪ್ಪು ಹಾಡಿದಾಗ ದಮ್ಮಡಿ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ ಎಂದರೆ ಸರಿಯಾದೀತು. ಆತನ ಹೆಂಡತಿಯನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ಮಠದಲ್ಲಿ ಜಾಗ ಸಿಗದ ದಿನ ಅವರ ಪಡಸಾಲೆಯಲ್ಲಿ ಮಗ್ಗದ ಪಕ್ಕ ಕೂತು ಹಾಡುತ್ತಿದ್ದೆವು. ಆಯಿ ನೂಲು ಸುತ್ತುತ್ತ ಕೇಳುತ್ತಿದ್ದಳು, ನಡುವೆ ಎದ್ದು ಚಹಾ ಮಾಡಿ ಕೊಡುತ್ತಿದ್ದಳು. ನನ್ನ ದನಿ ಕೇಳಿದರೆ ನೂಲು ಹರಿಯುವುದಿಲ್ಲ ಎಂದು ಓಣಿಯ ಹೆಂಗಸರ ಮುಂದೆ ಹೇಳಿಕೊಂಡು ತಿರುಗಾಡಿದವಳು ಅವಳು. ನನಗೆ ಸಿಕ್ಕ ಮೊದಲ ಪ್ರಶಸ್ತಿ ಅದು. ಕೊನೆಯದೂ ಅದೇ.

ಆಗಷ್ಟೇ ಕ್ಯಾಸೆಟ್ಟುಗಳು ಬರತೊಡಗಿದ್ದವು. ನಮ್ಮ ತತ್ವಪದಗಳನ್ನು ಒಂದು ಕ್ಯಾಸೆಟ್ಟು ಮಾಡಬೇಕೆಂಬ ಹುಚ್ಚು ನನಗೆ ಹತ್ತಿತು. ಕಂಪನಿ ಗಿಂಪನಿ ಏನೂ ಇರಲಿಲ್ಲ. ಹಾಡುವವನು ನಾನು, ಖರ್ಚು ನನ್ನದು, ಚೀಲದಲ್ಲಿ ಹೊತ್ತು ಮಾರುವವನೂ ನಾನೇ. ಬಾಗಲಕೋಟೆಯ ಒಂದು ಫೋಟೋ ಸ್ಟುಡಿಯೋದ ಹಿಂದಿನ ಖೋಲಿಯಲ್ಲಿ, ಗೋಡೆಗೆಲ್ಲ ಕೌದಿ ತೂಗುಬಿಟ್ಟು, ಬೆವರು ಸುರಿಸುತ್ತ ರೆಕಾರ್ಡ್ ಮಾಡಿದೆವು. ದಮ್ಮಡಿಯ ಸಪ್ಪಳ ಜೋರೆಂದು ಯಂತ್ರದವನು ಅಜ್ಜನನ್ನು ಬಾಗಿಲ ಹತ್ತಿರ ಕೂಡಿಸಿದ. ಕ್ಯಾಸೆಟ್ಟು ಕೇಳಿದಾಗ ಅಜ್ಜನಿಗೆ ಸಿಟ್ಟು ಬಂತು. ತನ್ನ ದಮ್ಮಡಿ ಯಾರೋ ಆಚೆ ಓಣಿಯಲ್ಲಿ ಬಾರಿಸಿದ ಹಾಗೆ ಕೇಳುತ್ತದೆಂದು ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ನನಗೆ ಮಾತ್ರ ನನ್ನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಅಷ್ಟು ಸಾಕಾಗಿತ್ತು.

ಕ್ಯಾಸೆಟ್ಟುಗಳು ಮೊದಲಿಗೆ ಅಷ್ಟೇನೂ ಹೋಗಲಿಲ್ಲ. ಹೋಗತೊಡಗಿದ್ದು ಹುನಗುಂದದ ಮೈಕ್ ಸೆಟ್ಟಿನವನಿಂದ. ಲಗ್ನ, ನಾಮಕರಣ, ಸಭೆ, ಸಾವು, ಎಲ್ಲಕ್ಕೂ ಅವನದೇ ಎರಡು ಕಹಳೆ ಸ್ಪೀಕರು. ಅಪ್ಪನಿಗೆ ಬೇಕಾದವನು, ಇಳಕಲ್ಲಿಗೆ ಬಂದಾಗಲೆಲ್ಲ ನಮ್ಮ ಅಂಗಡಿಯಲ್ಲಿ ಚಹಾ ಕುಡಿದೇ ಹೋಗುವವನು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಹೆಣವನ್ನು ಕೂಡಿಸಿ, ವಿಭೂತಿ ಹಚ್ಚಿ, ಅದರ ಮುಂದೆ ಭಜನೆ ಮಾಡುತ್ತಾರೆ. ಒಮ್ಮೆ ಶುರುವಾದ ಭಜನೆ ಹೆಣ ಮಣ್ಣಿಗೆ ಏಳುವತನಕ ನಿಲ್ಲಬಾರದು. ನಿಂತರೆ ಮನೆಗೆ ಒಳ್ಳೆಯದಲ್ಲ ಎನ್ನುತ್ತಾರೆ. ಒಬ್ಬನ ಗಂಟಲು ಕಟ್ಟಿದರೆ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ, ಬೀಗರು ದೂರದಿಂದ ಬರುವುದು ತಡವಾದರೆ ಹಾಡಿದ ಪದವನ್ನೇ ಮತ್ತೆ ಹಾಡುತ್ತಾರೆ. ಆದರೆ ಹಾಡುವವರು ಎಲ್ಲಿದ್ದಾರೆ? ಆ ಹೊತ್ತಿಗೆ ಮೇಳಗಳಲ್ಲಿದ್ದ ಗಟ್ಟಿ ಆಳುಗಳೆಲ್ಲ ಕಲ್ಲಿನ ಕ್ವಾರಿಗೆ, ಪಾಲಿಶ್ ಕಾರ್ಖಾನೆಗೆ ಸೇರಿದ್ದರು. ಸತ್ತವನಿಗಾಗಿ ಹಗಲುಪಾಳಿ ಬಿಟ್ಟು ಬರುವುದಾಗುತ್ತಿರಲಿಲ್ಲ. ಹಾಗೆ ಮೇಳ ಸಿಗದ ಒಂದು ಸಾವಿನಲ್ಲಿ ಮೈಕ್ ಸೆಟ್ಟಿನವನು ನನ್ನ ಕ್ಯಾಸೆಟ್ಟು ಹಚ್ಚಿದ. ಅಲ್ಲಿಂದ ಅದು ಹಬ್ಬಿತು. ಕ್ಯಾಸೆಟ್ಟಿಗೆ ಚಹಾ ಬೇಡ, ಎಲೆ ಅಡಿಕೆ ಬೇಡ, ಗಂಟಲು ಕಟ್ಟುವುದಿಲ್ಲ. ಇಷ್ಟು ಸೋವಿ ಭಜನೆ ಎಲ್ಲಿ ಸಿಗಬೇಕು. ಅವನು ಅಂಗಡಿಗೆ ಬಂದು ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ:

“ಈ ಸೀಮಿಯೊಳಗ ನಿನ್ನ ದನಿ ಇಲ್ದ ಒಂದು ಹೆಣಾನೂ ಏಳಂಗಿಲ್ಲ ನೋಡು ತಮ್ಮಾ.”

ಆ ದಿನ ನನಗೆ ಖುಷಿಯಾಗಿತ್ತು ಎಂದರೆ ನಂಬುತ್ತೀರಾ? ಖರೆ ಹೇಳುತ್ತೇನೆ, ಆಗಿತ್ತು. ಜನ ಕೇಳುತ್ತಿದ್ದಾರಲ್ಲ ಎಂದು ಉಬ್ಬಿದ್ದೆ. ಉಬ್ಬಿದ್ದು ಇಳಿಯಲಿಕ್ಕೆ ಬಹಳ ದಿನ ಹಿಡಿಯಲಿಲ್ಲ.

ಲಗ್ನದ ಕಾಲ. ಮುದಗಲ್ಲ ಕಡೆಯಿಂದ ಒಂದು ದೊಡ್ಡ ಕುಟುಂಬ ಲಗ್ನದ ಬಟ್ಟೆಯ ಬಸ್ತಾ ಕಟ್ಟಿಸಲಿಕ್ಕೆ ನಮ್ಮ ಅಂಗಡಿಗೆ ಬಂದಿತ್ತು. ಹೆಂಗಸರೆಲ್ಲ ಗಾದಿಯ ಸುತ್ತ ಕೂತರು. ನಾನು ಸೀರೆ ಬಿಚ್ಚಿ ಬಿಚ್ಚಿ ಹಾಕುತ್ತ, ಸೆರಗಿನ ಕೆಂಪು, ದಡಿಯ ನೇಯ್ಗೆ, ಬಣ್ಣ ಬಿಡದ ಖಾತ್ರಿ, ಎಲ್ಲ ವರ್ಣಿಸುತ್ತಿದ್ದೆ. ಅವರಲ್ಲಿ ಹಿರಿಯಳಾದ ಒಬ್ಬ ಹೆಂಗಸು ನನ್ನ ಬಾಯನ್ನೇ ನೋಡುತ್ತಿದ್ದಳು. ನಿನ್ನ ದನಿ ಎಲ್ಲೋ ಕೇಳಿದ್ದೇನಲ್ಲ ಎಂದಳು. ಹಾಡುಗಾರನಿಗೆ ಇದಕ್ಕಿಂತ ಸಿಹಿ ಮಾತು ಯಾವುದು? ನಾನು ನಕ್ಕು, ಕ್ಯಾಸೆಟ್ಟಿನ ಹೆಸರು ಹೇಳಿದೆ. ಅವಳು ತೊಡೆಯ ಮೇಲಿದ್ದ ಲಗ್ನದ ಸೀರೆಯನ್ನು ಎರಡು ಬೆರಳಲ್ಲಿ ಎತ್ತಿ ಗಾದಿಯ ಮೇಲಿಟ್ಟಳು. ತನ್ನ ಗಂಡನ ಹೆಣದ ಮುಂದೆ ಹಚ್ಚಿದ್ದು ಇದೇ ದನಿ ಎಂದು ಉಳಿದವರಿಗೆ ಮೆಲ್ಲಗೆ ಹೇಳಿದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ, ಕಣ್ಣಲ್ಲಿ ನೀರಿತ್ತು. ಆದರೆ ಎಲ್ಲರೂ ಎದ್ದು ಚಪ್ಪಲಿ ಹುಡುಕಿಕೊಂಡು ಎದುರಿನ ಅಂಗಡಿಗೆ ಹೋದರು.

ಅಪ್ಪ ಆ ದಿನ ಊಟ ಮಾಡಲಿಲ್ಲ. ಮರುದಿನದಿಂದ ನನಗೊಂದು ಹೊಸ ಕಟ್ಟಳೆಯಾಯಿತು. ಗಿರಾಕಿಗಳ ಮುಂದೆ ನಾನು ಸೀರೆ ಬಿಚ್ಚಬಹುದು, ಮಡಚಬಹುದು, ಬಾಯಿ ಮಾತ್ರ ತೆರೆಯಬಾರದು. ಮಾತು ಅಪ್ಪ ಆಡುತ್ತಿದ್ದ, ನಾನು ಮೂಗನ ಹಾಗೆ ಕೈ ತೋರಿಸುತ್ತಿದ್ದೆ. ಪಾಪ ಹುಡುಗನಿಗೆ ಮಾತು ಬರುವುದಿಲ್ಲವೇ ಎಂದು ಯಾರೋ ಕೇಳಿದರೆ ಅಪ್ಪ ಹೌದು ಎಂದುಬಿಟ್ಟ. ಮಠದ ಭಜನೆಗೂ ನಾನು ಹೋಗುವುದು ಕಡಿಮೆಯಾಯಿತು. ಹೋದರೆ ಅಲ್ಲಿಯೂ ಜನ, ಇವತ್ತು ಯಾವ ಊರಲ್ಲಿ ಹಾಡಿ ಬಂದಿ ಎಂದು ಚಾಷ್ಟಿ ಮಾಡುತ್ತಿದ್ದರು. ನಾನು ಮನೆಯಲ್ಲಿ ಕೂತಿದ್ದಾಗಲೂ ನನ್ನ ದನಿ ಯಾವುದೋ ಊರಲ್ಲಿ ಹೆಣ ಕಾಯುತ್ತಿತ್ತು.

ನನ್ನ ತಂಗಿಯ ಲಗ್ನ ಗೊತ್ತಾದದ್ದು ಎಂಬತ್ತರ ದಶಕ ಅರ್ಧ ಕಳೆದ ಮೇಲೆ. ವರ ಬಾದಾಮಿಯವನು, ಸಾಲಿ ಮಾಸ್ತರ. ನಿಶ್ಚಯದ ದಿನ ಬೀಗರು ಬಂದಾಗ ಹೆಂಗಸರು ಆರತಿ ಪದ ಹಾಡಿದರು. ಚಿಕ್ಕವನಿದ್ದಾಗಿನಿಂದ ನಮ್ಮ ಮನೆಯ ಎಲ್ಲ ಕಾರ್ಯದಲ್ಲೂ ಹೆಂಗಸರ ಜೊತೆ ದನಿಗೂಡಿಸುತ್ತಿದ್ದವನು ನಾನು. ಆ ದಿನ ಅವ್ವ ನನ್ನನ್ನು ಹಿತ್ತಲಿಗೆ ಕರೆದು, ಬೀಗರು ಹೋಗುವತನಕ ಅಂಗಡಿಯಲ್ಲಿ ಕೂಡಲಿಕ್ಕೆ ಹೇಳಿದಳು. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನಾನು ಹೋಗಿ ಕೀಲಿ ಹಾಕಿದ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಸತ್ತವರಿಗೆಲ್ಲ ಬೇಕಾದವನು, ನನ್ನ ಮನೆಯ ಬದುಕಿದವರಿಗೇ ಬೇಡವಾಗಿದ್ದೆ.

ಬೀಗರು ಹೋದ ಮೇಲೆ ತಂಗಿ ಅಲ್ಲಿಗೇ ಬಂದಳು. ಅವಳು ಕಡಿಮೆ ಮಾತಿನವಳು.

“ಅಣ್ಣಾ, ನನ್ನ ಲಗ್ನದಾಗ ನಿನ್ನ ಹಾಡು ಆಗಬೇಕು. ಅವು ಬ್ಯಾಡ, ಬ್ಯಾರೇ ಹಾಡು. ಮಂದಿ ನಗೂವಂಥಾವು.”

ಎರಡನೆಯ ಕ್ಯಾಸೆಟ್ಟು ಹುಟ್ಟಿದ್ದು ಆ ಕಟ್ಟೆಯ ಮೇಲೆ. ಅವಳ ತಲೆಯ ಮೇಲೆ ಅಕ್ಷತೆ ಬೀಳುವ ಹೊತ್ತಿಗೆ ನನ್ನ ದನಿ ಹಂದರದಲ್ಲಿ ಕೇಳಬೇಕು. ಜನ ಒಮ್ಮೆ ಹಂದರದಲ್ಲಿ ಕೇಳಿದರೆ ಸಾಕು, ನನ್ನ ದನಿಗೆ ಹತ್ತಿದ ಸೂತಕ ಕಳೆಯುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಹಳೆಯ ರಾಗ, ಹಳೆಯ ದಮ್ಮಡಿ ಹಿಡಿದುಕೊಂಡರೆ ಮತ್ತೆ ಸುಡುಗಾಡೇ ಗತಿ. ಈ ಸೀಮೆಯಲ್ಲಿ ಯಾರೂ ಕೇಳಿರದ ಸಪ್ಪಳ ಬೇಕಿತ್ತು.

ಆ ಸಪ್ಪಳ ಕುವೈತಿನಿಂದ ಬಂದಿತ್ತು. ನನ್ನ ಜೊತೆ ಸಾಲಿ ಕಲಿತ ಹುನಗುಂದದ ಗೆಳೆಯನೊಬ್ಬ ಅಲ್ಲಿ ಟ್ರಕ್ ಹೊಡೆದು ಅದೇ ಆಗ ತಿರುಗಿ ಬಂದಿದ್ದ. ಬರುವಾಗ ಒಂದು ದೊಡ್ಡ ಟೇಪ್ ರೆಕಾರ್ಡರ್, ತೊಡೆಯ ಮೇಲಿಟ್ಟುಕೊಂಡು ನುಡಿಸುವಂಥ ಜಪಾನಿನ ಒಂದು ಕೀಬೋರ್ಡು, ಒಂದು ಚೀಲ ತುಂಬ ಕ್ಯಾಸೆಟ್ಟು ತಂದಿದ್ದ. ಅಲ್ಲಿ ಒಂದೇ ಖೋಲಿಯಲ್ಲಿ ಲೋಕದ ಎಲ್ಲ ಮೂಲೆಯವರೂ ಮಲಗುತ್ತಿದ್ದರಂತೆ, ಒಬ್ಬೊಬ್ಬರ ಕ್ಯಾಸೆಟ್ಟನ್ನೂ ಇವನು ನಕಲು ಮಾಡಿಕೊಂಡಿದ್ದ. ಅರಬರ ಊದ್ ಎಂಬ ತಂತಿವಾದ್ಯ ಕೇಳಿದೆ. ನಮ್ಮ ಏಕತಾರಿಯ ಶ್ರೀಮಂತ ಅಣ್ಣನ ಹಾಗಿತ್ತು. ಸುಡಾನದವರ ಹಾಡಿನಲ್ಲಿ ಐದೇ ಸ್ವರ ಓಡಾಡುತ್ತಿದ್ದವು, ರಾಶಿಯ ಕಣದಲ್ಲಿ ಹಾಡುವ ನಮ್ಮ ಹಂತಿ ಪದದ ಬಳಗ ಅಲ್ಲಿಯೂ ಇದೆಯಲ್ಲ ಎನಿಸಿತು. ಇನ್ನೊಂದು ಯಾವುದೋ ದ್ವೀಪದವರದು. ಅದರಲ್ಲಿ ಪೆಟ್ಟು ಬೀಳಬೇಕಾದ ಕಡೆ ಬೀಳದೆ ಖಾಲಿ ಜಾಗದಲ್ಲಿ ಬೀಳುತ್ತಿತ್ತು. ಮೊದಲ ಸಲ ಕೇಳಿದಾಗ ಟೇಪು ಕೆಟ್ಟಿದೆ ಎಂದುಕೊಂಡೆ. ಆಮೇಲೆ ಕಾಲು ತಾನೇ ಅಲುಗಾಡತೊಡಗಿತು. ಹೆಣದ ಮುಂದೆ ಈ ತಾಳ ಹಾಕಿದರೆ ಹೆಣವೂ ಎದ್ದೀತು ಎಂದು ಗೆಳೆಯ ಅಂದ. ನಾನು ಬಿದ್ದು ಬಿದ್ದು ನಕ್ಕೆ. ಎಷ್ಟೋ ವರ್ಷದ ಮೇಲೆ ಹಾಡಿನ ವಿಷಯದಲ್ಲಿ ನಕ್ಕಿದ್ದೆ.

ಅಜ್ಜನನ್ನು ಬಿಟ್ಟು ಹಾಡುವುದು ನನಗೆ ಆಗುತ್ತಿರಲಿಲ್ಲ. ಕೀಬೋರ್ಡನ್ನು ಅವನ ಪಡಸಾಲೆಗೆ ಒಯ್ದು ಗುಂಡಿ ಒತ್ತಿ ತೋರಿಸಿದೆವು. ಒಂದೊಂದು ಗುಂಡಿ ಒತ್ತಿದರೆ ಒಂದೊಂದು ದೇಶದ ತಾಳ. ಅಜ್ಜ ದಮ್ಮಡಿ ಎತ್ತಿಕೊಂಡು ಅದರ ಜೊತೆ ಬಾರಿಸಿ ನೋಡಿದ. ಒಂದು ಪದ ಹೇಗೋ ನಡೆಯಿತು. ಎರಡನೆಯದರಲ್ಲಿ ನಾನು ಒಂದು ಕಡೆ ದನಿ ಎಳೆದು ನಿಲ್ಲಿಸಿದೆ, ಅಜ್ಜ ನನ್ನ ಜೊತೆ ನಿಂತ. ಯಂತ್ರ ನಿಲ್ಲಲಿಲ್ಲ, ತನ್ನ ಪಾಡಿಗೆ ತಾನು ಬಡಿದುಕೊಂಡು ಮುಂದೆ ಹೋಯಿತು. ಅಜ್ಜ ದಮ್ಮಡಿಯನ್ನು ಗೂಟಕ್ಕೆ ಹಾಕಿದ.

“ಮೊದಲನೇದ್ರಾಗ ನನ್ನ ಬಾಗಲಾಗ ಕೂಡ್ಸಿದ್ರಿ. ಇದ್ರಾಗ ಹೊರಗ ಹಾಕ್ರಿ. ಆದ್ರ ಒಂದು ಮಾತು ಹೇಳತೇನಿ, ಇದು ನಿನಗ ಕಾಯೂದಲ್ಲ.”

ಮುದುಕನಿಗೆ ಹಳೆಯ ಹೊಟ್ಟೆಕಿಚ್ಚು ಎಂದುಕೊಂಡು ನಾನೂ ಸೆಟೆದೆ. ಯಂತ್ರ ಕಾಯದಿದ್ದರೆ ಕಾಯದ ಹಾಗೆ ಹಾಡುವುದನ್ನು ಕಲಿಯುತ್ತೇನೆ ಎಂದು ಹೇಳಿ ಎದ್ದುಬಂದೆ. ಈಗಲೂ ಅದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆಯಿ ಮಾತ್ರ ಚಹಾದ ಬಟ್ಟಲು ಹಿಡಿದುಕೊಂಡು ಬಾಗಿಲತನಕ ಹಿಂದೆ ಬಂದಿದ್ದಳು.

ರೆಕಾರ್ಡು ಮಾಡಿದ್ದು ಬಾದಾಮಿಯಲ್ಲಿ. ಗೆಳೆಯನ ಸಂಬಂಧಿಕರೊಬ್ಬರ ಲಾಡ್ಜು ಬ್ಯಾಸಗಿಯಲ್ಲಿ ಖಾಲಿ ಬಿದ್ದಿತ್ತು. ಬಂಡೆ ಕಾಯ್ದು ಊರೇ ಹಂಚಿನ ಹಾಗೆ ಆಗಿದ್ದಾಗ ಯಾವ ಪ್ರವಾಸಿ ಬರುತ್ತಾನೆ? ಕಿಡಕಿ ತೆರೆದರೆ ಮಂಗ್ಯಾಗಳ ಕಾಟ. ಮೈಕಿಗೆ ಹಾಕಿದ್ದ ಸ್ಪಂಜಿನ ಟೊಪ್ಪಿಗೆಯನ್ನು ಒಂದು ಮಂಗ್ಯಾ ಹಣ್ಣೆಂದು ಹಾರಿಸಿಕೊಂಡು ಹೋಯಿತು. ಕಿಡಕಿ ಮುಚ್ಚಿದರೆ ಸೆಖೆ, ಫ್ಯಾನು ಹಾಕಿದರೆ ಫ್ಯಾನಿನ ಸಪ್ಪಳ. ಊದ್ ಸಿಗಲಿಲ್ಲ, ಬ್ಯಾಂಡಿನಲ್ಲಿ ಬ್ಯಾಂಜೊ ನುಡಿಸುವ ಒಬ್ಬಾತನಿಗೆ ಅರಬರ ಹಾಡು ಕೇಳಿಸಿ ಕೇಳಿಸಿ ಅದೇ ನಡೆ ಕಲಿಸಿದೆವು. ಗೆಳೆಯ ಕೀಬೋರ್ಡು ಹಿಡಿದ. ಅತಿ ಕಠಿಣವಾದದ್ದು ನನ್ನ ಕೆಲಸವೇ. ಭಜನೆಯವನು ನಾನು, ಆಚೆ ಓಣಿಗೆ ಕೇಳುವ ಹಾಗೆ ಗಂಟಲು ಬಿಚ್ಚಿ ಹಾಡಿ ರೂಢಿ. ಕುವೈತಿನ ಕ್ಯಾಸೆಟ್ಟಿನವರು ಮೈಕಿಗೆ ತುಟಿ ಹಚ್ಚಿ, ಬಗಲಲ್ಲಿ ಕೂತವರ ಕಿವಿಯಲ್ಲಿ ಹೇಳಿದ ಹಾಗೆ ಹಾಡುತ್ತಿದ್ದರು. ಹಾಗೆ ಹಾಡು ಎಂದು ಗೆಳೆಯ ಬೈದು ಬೈದು ಹೇಳಿಸಿದ. ದನಿಯನ್ನು ಎದೆಗೆ ಇಳಿಸಿ, ನಗುವನ್ನು ಹಿಡಿದುಕೊಂಡು ಹಾಡಿದೆ. ತಿರುಗಿ ಕೇಳಿದಾಗ ಇವನು ಯಾವನೋ ಸುಖವಾಗಿದ್ದಾನಲ್ಲ ಎನಿಸಿತು.

ಹಾಡುಗಳೆಲ್ಲ ನಾನೇ ಕಟ್ಟಿದವು. ಬಾದಾಮಿಯ ಹೊಂಡದಲ್ಲಿ ಬಟ್ಟೆ ಒಗೆಯುವ ಹುಡುಗಿಯರದು ಒಂದು. ತುಳಸಿಗೇರಿಗೆ ಶನಿವಾರ ಹೋಗಿ ದೇವರಿಗಿಂತ ಮೊದಲು ಮಿರ್ಚಿ ಭಜಿಗೆ ಕೈಮುಗಿಯುವವನದು ಒಂದು. ಎಲ್ಲದಕ್ಕಿಂತ ಚೆನ್ನಾಗಿ ಬಂದದ್ದು ಕಿಡಕಿ ಸೀಟಿನ ಹಾಡು. ಇಳಕಲ್ಲ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಗಂಡಸರು ಕಿಡಕಿಯಿಂದ ಹೆಗಲ ಮೇಲಿನ ವಲ್ಲಿ ಒಳಗೆ ಒಗೆದು ಹೆಂಡತಿಗೆ ಸೀಟು ಹಿಡಿಯುತ್ತಾರಲ್ಲ, ಅದು.

*ಕಿಡಕ್ಯಾಗಿಂದ ಒಗದೇನಿ ನನ್ನ ವಲ್ಲಿ*
*ನೀ ಬಂದು ಕುಂದರಬೇಕ ಅಲ್ಲಿ*

ಆ ದ್ವೀಪದವರ ತಾಳದ ಮೇಲೆ ಈ ಸಾಲು ಕೂತ ರೀತಿಗೆ ನಾವು ಮೂವರೂ ಎದ್ದು ಕುಣಿದಿದ್ದೆವು. ರುಚಿಯಾದದ್ದನ್ನು ಊಟದ ಕೊನೆಗೆ ಇಟ್ಟುಕೊಂಡ ಹಾಗೆ, ಅದನ್ನು ಕ್ಯಾಸೆಟ್ಟಿನ ಮೊದಲನೆಯ ಬಾಜುವಿನ ಕೊನೆಯಲ್ಲಿ ಇಟ್ಟೆ. ಕವರಿನ ಮೇಲೆ ಹೊಂಡದ ಮೆಟ್ಟಿಲಲ್ಲಿ ಕರಿ ಕನ್ನಡಕ ಹಾಕಿಕೊಂಡು ನಿಂತ ನನ್ನ ಫೋಟೋ. ಕೆಳಗೆ ನನ್ನ ಹೆಸರು, ದಪ್ಪ ಅಕ್ಷರದಲ್ಲಿ. ಹೆಸರು ಹಾಕಬೇಡ ಎಂದು ಗೆಳೆಯ ಹೇಳಿದ್ದ. ಹೆಸರಿಲ್ಲದಿದ್ದರೆ ಸೂತಕ ಕಳೆಯುವುದು ಯಾರದು ಎಂದು ನಾನು ಕೇಳಿದ್ದೆ.

ಲಗ್ನದ ದಿನ ಬಂತು. ಮೈಕು ಹುನಗುಂದದವನದೇ. ಅಕ್ಷತೆ ಬಿದ್ದ ಕೂಡಲೆ ಈ ಕ್ಯಾಸೆಟ್ಟು ಹಚ್ಚಬೇಕೆಂದು ಹೇಳಿ, ಕಿಡಕಿ ಸೀಟಿನ ಹಾಡಿಗೆ ಸುತ್ತಿ ತಯಾರು ಮಾಡಿ ಬೆಳಿಗ್ಗೆಯೇ ಅವನ ಕೈಗೆ ಕೊಟ್ಟಿದ್ದೆ. ಅವನು ಕವರು ನೋಡಿ ತಲೆ ಕೆರೆದುಕೊಂಡು, ಪೆಟ್ಟಿಗೆಯ ಮೇಲಿಟ್ಟ. ವರನ ಸೋದರಮಾವ ಬೀಡಿಗೆ ಕಡ್ಡಿಪೆಟ್ಟಿಗೆ ಕೇಳಲಿಕ್ಕೆ ಮೈಕಿನ ಹತ್ತಿರ ಹೋದವನು ಪೆಟ್ಟಿಗೆಯ ಮೇಲಿದ್ದ ಕ್ಯಾಸೆಟ್ಟು ಎತ್ತಿ ನೋಡಿದ. ಹೆಸರು ಓದಿದ್ದೇ ಸಾಕಾಯಿತು. ಶುಭಕಾರ್ಯದಲ್ಲಿ ಇದನ್ನು ಇಲ್ಲಿ ತಂದಿಟ್ಟವರು ಯಾರು ಎಂದು ಕೇಳಿದ. ಬೀಗರಲ್ಲಿ ಗುಸುಗುಸು ಎದ್ದಿತು. ಇದರಲ್ಲಿ ಆ ಹಾಡುಗಳಿಲ್ಲ, ಒಂದು ಸಲ ಕೇಳಿ ನೋಡಿ ಎಂದು ನಾನು ಹೇಳಹೋದೆ. ಅಪ್ಪ ನಡುವೆ ಬಂದು ಎಲ್ಲರ ಮುಂದೆ ನನಗೆ ಕೈ ಮುಗಿದ. ಹಡೆದವನು ಮಗನಿಗೆ ಕೈ ಮುಗಿದರೆ ಮಗನ ಬಾಯಿ ಕಟ್ಟಿದ ಹಾಗೆಯೇ. ಮೈಕ್ ಸೆಟ್ಟಿನವನು ಕ್ಯಾಸೆಟ್ಟು ತಂದು ನನ್ನ ಅಂಗಿಯ ಕಿಸೆಯಲ್ಲಿಟ್ಟು, ಇದನ್ನು ಹಚ್ಚಿದರೆ ನಾಳೆಯಿಂದ ತನ್ನನ್ನು ಯಾರೂ ಲಗ್ನಕ್ಕೆ ಕರೆಯುವುದಿಲ್ಲ ಎಂದ. ಹಾಡನ್ನು ಯಾರೂ ಕೇಳಲಿಲ್ಲ. ಕೇಳಿ ಬೈದಿದ್ದರೆ ನಾನು ಇಷ್ಟು ನೋಯುತ್ತಿರಲಿಲ್ಲ.

ಅಕ್ಷತೆ ಬಿತ್ತು. ಕಹಳೆಯಲ್ಲಿ ಹಿಂದಿ ಸಿನಿಮಾದ ಹಾಡೊಂದು ಬಂತು. ತಂಗಿ ತಲೆ ಎತ್ತಿ ಮೈಕಿನ ಪೆಟ್ಟಿಗೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ನಾನು ಹಂದರದ ಗಳ ಹಿಡಿದುಕೊಂಡು ನಿಂತಿದ್ದೆ. ಗಂಡನ ಮನೆಗೆ ಹೊರಡುವಾಗ ಅವಳು ಒಂದು ಕ್ಯಾಸೆಟ್ಟು ಇಸಿದುಕೊಂಡು ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಳು. ಆ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ.

ಅಂಗಡಿಗಳಿಗೆ ಕೊಟ್ಟಿದ್ದ ಕ್ಯಾಸೆಟ್ಟುಗಳೂ ಒಂದೊಂದಾಗಿ ತಿರುಗಿ ಬಂದವು. ಹೆಸರು ನೋಡಿ, ಮನೆಯಲ್ಲಿ ಯಾರೂ ಸತ್ತಿಲ್ಲ ಎಂದು ನಗುವವರು ಕೆಲವರು. ಮನೆಯಲ್ಲಿ ಸತ್ತಿದ್ದಾರೆಂದು ಒಯ್ದು, ತತ್ವಪದ ಇಲ್ಲವೆಂದು ಬೈದು ತಿರುಗಿಸಿದವರು ಕೆಲವರು. ಅತ್ತ ದರಿ ಇತ್ತ ಪುಲಿ. ಗೆಳೆಯ ಬೇಸರಪಟ್ಟು ಮತ್ತೆ ಕುವೈತಿಗೆ ಹೋದ. ಕ್ಯಾಸೆಟ್ಟು ತುಂಬಿದ ಖೋಕಿಗಳು ಅಂಗಡಿಯ ಅಟ್ಟದ ಮೇಲೆ ಧೂಳು ತಿನ್ನುತ್ತ ಬಿದ್ದಿದ್ದವು.

ಒಂದು ದಿನ ಅಂಗಡಿಗೆ ಬಂದು ನೋಡಿದರೆ ಅಟ್ಟ ಖಾಲಿ. ಮೈಕ್ ಸೆಟ್ಟಿನವನು ಬಂದು ಎಲ್ಲ ಒಯ್ದನೆಂದು ಅಪ್ಪ ಹೇಳಿದ. ಯಾಕೆಂದು ಅಪ್ಪ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳದೇ ಇದ್ದದ್ದು ಆಸೆಯಿಂದ. ಅವನಿಗೆ ಕೊನೆಗೂ ಬುದ್ಧಿ ಬಂದಿರಬೇಕು, ದೂರದ ಊರುಗಳ ಲಗ್ನದಲ್ಲಿ, ನನ್ನ ಹೆಸರು ಗೊತ್ತಿಲ್ಲದ ಕಡೆ ಹಚ್ಚುತ್ತಿರಬೇಕು ಎಂದುಕೊಂಡೆ. ಕೆಲವು ತಿಂಗಳು ಆ ಆಸೆಯಲ್ಲಿಯೇ ಸೀರೆ ಮಡಚಿದೆ. ಗಿರಾಕಿಗಳಿಗೆ ಕಾಣದ ಹಾಗೆ ಬಾಯೊಳಗೇ ಗುನುಗುತ್ತಲೂ ಇದ್ದೆ.

ಅಜ್ಜ ತೀರಿಕೊಂಡದ್ದು ಆಗ. ಸುದ್ದಿ ಬಂದಾಗ ಬೆಳಗಿನ ಹೊತ್ತು. ನಾನು ಚಪ್ಪಲಿ ಮರೆತು ಓಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಇವತ್ತು ನಾನು ಹಾಡಬೇಕು. ಕ್ಯಾಸೆಟ್ಟಿನಲ್ಲಲ್ಲ, ನಾನು, ಈ ಗಂಟಲಿನಿಂದ. ದನಿ ಎಳೆದಲ್ಲಿ ನಿಂತು ಕಾಯುವ ದಮ್ಮಡಿ ಇಲ್ಲದಿದ್ದರೂ ಆ ಜಾಗ ಖಾಲಿ ಬಿಟ್ಟು ಹಾಡಬೇಕು. ಅವನ ಮನೆಯ ಓಣಿ ತಿರುಗುವ ಮೊದಲೇ ನನ್ನ ದನಿ ಕಹಳೆಯಲ್ಲಿ ಎದುರಾಯಿತು. ನಾನು ಅಲ್ಲೇ ನಿಂತುಬಿಟ್ಟೆ.

ಅಜ್ಜನನ್ನು ಪಡಸಾಲೆಯಲ್ಲಿ ಮಗ್ಗದ ಎದುರು ಕೂಡಿಸಿದ್ದರು. ಆಯಿ ಅವನ ಕಾಲ ಹತ್ತಿರ ಇದ್ದಳು. ನಾನು ಹಾಡುತ್ತೇನೆ, ಯಂತ್ರ ನಿಲ್ಲಿಸಿ ಎಂದು ಅಜ್ಜನ ಅಳಿಯನನ್ನು ಕೇಳಿದೆ. ಅವನು ಒಳ್ಳೆಯ ಮನುಷ್ಯ, ಮರ್ಯಾದೆಯಿಂದಲೇ ಹೇಳಿದ.

“ಹಚ್ಚಿದ್ದು ನಡುವ ನಿಂದ್ರಸಬಾರದ್ರಿ. ನೀವ ಹಾಡಾಕ ಹತ್ತೀರಲ್ರಿ ಅದ್ರಾಗ, ಮತ್ಯಾಕ ತ್ರಾಸ? ಕುಂದರ್ರಿ.”

ಕೂತೆ. ಕಹಳೆಯ ಕೆಳಗೆ, ನನಗಿಂತ ಹತ್ತು ವರ್ಷ ಚಿಕ್ಕವನಾದ ನನ್ನ ದನಿಯನ್ನು ಕೇಳುತ್ತ. ಆಚೆ ಓಣಿಯಲ್ಲಿ ಬಾರಿಸಿದಂತೆ ಅಜ್ಜನ ದಮ್ಮಡಿ ಅದರಲ್ಲಿ ಸಣ್ಣಗೆ ಕೇಳುತ್ತಿತ್ತು. ತನ್ನ ಹೆಣದ ಮುಂದೆ ತಾನೇ ಬಾರಿಸುತ್ತಿದ್ದ ಮುದುಕ. ಆಗಲೇ ನನ್ನ ಕಣ್ಣು ಮೈಕ್ ಸೆಟ್ಟಿನವನ ಪೆಟ್ಟಿಗೆಯ ಮೇಲೆ ಬಿತ್ತು. ಅಲ್ಲಿ ಬಿಚ್ಚಿಟ್ಟಿದ್ದ ಕವರಿನಲ್ಲಿ ಹೊಂಡದ ಮೆಟ್ಟಿಲು, ಕರಿ ಕನ್ನಡಕದ ನಾನು. ಹಾಡುತ್ತಿದ್ದದ್ದು ತತ್ವಪದ. ಅವನ ಹತ್ತಿರ ಹೋಗಿ ಕೇಳಿದೆ. ಹಳೆಯ ಕ್ಯಾಸೆಟ್ಟು ಹಚ್ಚಿ ಹಚ್ಚಿ ಸವೆದಿದ್ದವು, ಕೇಳುವವರು ಬಹಳ ಇದ್ದರು. ಖಾಲಿ ಕ್ಯಾಸೆಟ್ಟು ಕೊಳ್ಳುವ ಬದಲು ನಮ್ಮ ಅಟ್ಟದ ಮೇಲಿನವುಗಳ ಮೇಲೆಯೇ ಹಳೆಯದನ್ನು ನಕಲು ಮಾಡಿಕೊಂಡಿದ್ದ. ಎಲ್ಲವನ್ನೂ. ಟೇಪು ಚಲೋ ಇತ್ತು, ಸುಮ್ಮನೆ ಹಾಳಾಗಿ ಹೋಗುತ್ತಿತ್ತು ಎಂದ. ಅವನ ಮುಖದಲ್ಲಿ ಕೆಟ್ಟತನ ಹುಡುಕಿದೆ. ಇದ್ದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು.

ಬಂದು ಮತ್ತೆ ಆಯಿಯ ಹತ್ತಿರ ಕೂತೆ. ಬಾಗಲಕೋಟೆಯಿಂದ ಬರಬೇಕಾದ ಸಣ್ಣ ಮಗಳಿಗೆ ಬಸ್ಸು ಸಿಕ್ಕಿರಲಿಲ್ಲ. ಹೆಣ ಏಳುವುದು ತಡವಾಯಿತು. ಮೈಕ್ ಸೆಟ್ಟಿನವನು ಚಹಾಕ್ಕೆಂದು ಎದ್ದು ಹೋಗಿದ್ದ. ಆ ಬಾಜುವಿನ ಕೊನೆಯ ತತ್ವಪದ ಮುಗಿಯಿತು. ಮೊದಲನೆಯ ಕ್ಯಾಸೆಟ್ಟಿನ ಬಾಜು ಚಿಕ್ಕದು, ಎರಡನೆಯ ಕ್ಯಾಸೆಟ್ಟಿನದು ಉದ್ದ. ನಕಲು ಮಾಡುವಾಗ ಕೊನೆಯ ಸ್ವಲ್ಪ ಟೇಪು ಅಳಿಯದೆ ಉಳಿದುಬಿಟ್ಟಿತ್ತು. ಒಂದು ಗಳಿಗೆ ಬರೀ ಗರಗರ ಸಪ್ಪಳ. ಆಮೇಲೆ ಖಾಲಿ ಜಾಗದಲ್ಲಿ ಬೀಳುವ ಆ ಪೆಟ್ಟು, ಬ್ಯಾಂಜೊ, ಕಿವಿಯಲ್ಲಿ ಹೇಳಿದಂಥ ದನಿ.

*ಕಿಡಕ್ಯಾಗಿಂದ ಒಗದೇನಿ ನನ್ನ ವಲ್ಲಿ…*

ನನ್ನ ಎರಡನೆಯ ಕ್ಯಾಸೆಟ್ಟನ್ನು ಊರು ಕೇಳಿದ್ದು ಆ ಒಂದೇ ಸಲ. ಓಣಿಯ ತುಂಬ ಜನ ಇದ್ದರು. ಒಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನಿಲ್ಲಿಸಿದರೆ ಸದ್ದು ಕಡಿಯುತ್ತದೆ, ಕಡಿಯಬಾರದು, ಏನು ಮಾಡುವುದೆಂದು ತಿಳಿಯದೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸೀರೆ ಅಂಗಡಿಯಲ್ಲಿ ಬಾಯಿ ತೆರೆದರೆ ಗುರುತು ಹಿಡಿಯುತ್ತಿದ್ದ ದನಿ ಇದು. ಈಗ ಯಾರಿಗೂ ಗುರುತು ಹತ್ತಲಿಲ್ಲ. ನನಗೆ ಅಳು ಬರುತ್ತಿತ್ತು, ಅಜ್ಜನಿಗಾಗಿಯೋ ಹಾಡಿಗಾಗಿಯೋ ನನಗೇ ತಿಳಿಯದು.

ಆಯಿ ನನ್ನ ಮೊಣಕೈ ಮುಟ್ಟಿದಳು. ನನ್ನ ದನಿಗೆ ನೂಲು ಹರಿಯುವುದಿಲ್ಲ ಎಂದವಳು.

“ಯಪ್ಪಾ, ಯಾವುದೋ ಸಿನಿಮಾದ ಹಾಡು ಬಂತು ನೋಡು. ಅದನ ಬಂದ್ ಮಾಡಿ ನಿನ್ನ ಹಾಡು ಹಚ್ಚು.”

ನಾನು ಎದ್ದು ಹೋಗಿ, ಆ ಹಾಡು ಮುಗಿಯುವ ಮೊದಲೇ ಕ್ಯಾಸೆಟ್ಟು ತೆಗೆದು ಬಾಜು ತಿರುವಿ ತತ್ವಪದ ಹಚ್ಚಿದೆ.